ಬೆಟ್ಟದವರ ನಡುವೆ ನಿನ್ನ ಪಿಟೀಲು

ಪ್ರೀತಿಯ ಅಪ್ಪ,

ಪಿಟೀಲು ಕೈಯಲ್ಲಿದ್ದಾಗ ನಿನ್ನನ್ನು 'ನೀವು' ಅನ್ನಬೇಕು, ಕೆಳಗಿಟ್ಟ ಮೇಲೆ 'ನೀನು' ಅನ್ನಬಹುದು ಎಂಬುದು ನಮ್ಮ ಮನೆಯ ಕಾನೂನಾಗಿತ್ತು. ಪಾಠ ಮುಗಿದು ಕಮಾನಿನ ತಿರುಪು ಸಡಿಲ ಮಾಡುತ್ತಿದ್ದ ಹಾಗೇ ಮೇಷ್ಟ್ರು ಮಾಯವಾಗಿ ನೀನು ಅಪ್ಪನಾಗಿಬಿಡುತ್ತಿದ್ದೆ. "ಲಲಿತಾ, ಅಮ್ಮ ತಿಂಡಿಗೇನ್ ಮಾಡಿದಾಳೆ ನೋಡ್ಕೊಂಡ್ ಬಾರೇ" ಅನ್ನುತ್ತಿದ್ದೆ. ಈ ಕಾಗದದ ತುಂಬಾ ಪಿಟೀಲಿನ ವಿಷಯವೇ ಇದೆ, ಆದರೂ 'ನೀನು' ಅಂತಲೇ ಬರೆಯುತ್ತೇನೆ. ನೀನು ಅಷ್ಟು ದೂರದಿಂದ ಬಂದು ಕಿವಿ ಹಿಂಡಲಾರೆ ಅನ್ನುವ ಧೈರ್ಯ ನನಗೆ.

ನೀನು ಕೊನೆಯ ಸಲ ಇಲ್ಲಿಗೆ, ನಮ್ಮ ವುಡ್‌ಬ್ರಿಡ್ಜ್ ಮನೆಗೆ ಬಂದಿದ್ದಾಗಿನ ಒಂದು ಮಧ್ಯಾಹ್ನ ನನ್ನನ್ನು ಬಹಳ ದಿನ ಕಾಡಿತು. ನೀನು ಸೋಫಾದ ಮೂಲೆಯಲ್ಲಿ ಶಾಲು ಹೊದ್ದು ಕೂತಿದ್ದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದ ದಿನಗಳು ಅವು. "ನೀನೊಬ್ಳೇ ಏನಾದ್ರೂ ನುಡ್ಸೇ, ಕೇಳೋಣ" ಅಂದೆ. "ಒಬ್ಳೇ ಏನ್ ನುಡ್ಸ್ಲಿ ಅಪ್ಪ? ನೀನು ಹಾಡು, ನಾನು ಹಿಂದೆ ಬರ್ತೀನಿ" ಅಂದೆ ನಾನು. "ಹಾಡಕ್ಕೆ ಉಸಿರೆಲ್ಲಿದ್ಯೇ ನಂಗೆ? ಹೋಗ್ಲಿ ಬಿಡು" ಅಂತ ನೀನು ನಕ್ಕೆ. ನಾನು ಕಾಫಿ ಮಾಡಲು ಎದ್ದು ಹೋದೆ. ಅಷ್ಟೇ ನಡೆದದ್ದು. ನೀನು ಪಿಟೀಲನ್ನು ಇಲ್ಲೇ ಬಿಟ್ಟು, "ಮುಂದಿನ್ ಸಲ ಬರ್ತೀನಲ್ಲ" ಅಂತ ಮೈಸೂರಿಗೆ ಹೊರಟೆ. ಮುಂದಿನ ಸಲ ಬರಲಿಲ್ಲ. ಕೇಳಿದ್ದು ಎಷ್ಟು ಸಣ್ಣದು, ಅದನ್ನೂ ಕೊಡದೆ ಹೋದೆನಲ್ಲ…

ನಿಜ ಹೇಳಲಾ? ಅವತ್ತು ನಾನು ಬಿಂಕ ಮಾಡಿದ್ದಲ್ಲ. ಒಬ್ಬಳೇ ನುಡಿಸಲು ನನಗೆ ನಿಜವಾಗಿಯೂ ಬರುತ್ತಿರಲಿಲ್ಲ. ಏಳನೇ ವಯಸ್ಸಿನಿಂದ ನೀನು ಕಲಿಸಿದ್ದು ಪಕ್ಕವಾದ್ಯ. ಹಾಡುವವರ ಬಾಯಿ ನೋಡು, ಅವರು ಎಲ್ಲಿಗೆ ಹೋಗುತ್ತಾರೋ ಅಲ್ಲಿಗೆ ಹೋಗು, ಕೂದಲೆಳೆಯಷ್ಟು ಹಿಂದಿರು, ಎಂದೂ ಮುಂದೆ ಓಡಬೇಡ. ನೀನೂ ಹಾಗೆಯೇ ನಲವತ್ತು ವರ್ಷ ಮದುವೆಮನೆ, ರಾಮನವಮಿ ಪೆಂಡಾಲು, ಭರತನಾಟ್ಯದ ರಂಗಪ್ರವೇಶ ಅಂತ ಯಾರ್‍ಯಾರ ಹಿಂದೆಯೋ ನುಡಿಸಿದೆ. ನನ್ನ ಮುಂದೆ ಇರುತ್ತಿದ್ದವನು ನೀನು. ನೀನೇ ಹೋದ ಮೇಲೆ ನಾನು ಯಾರ ಹಿಂದೆ ಹೋಗಲಿ? ಪೆಟ್ಟಿಗೆಯನ್ನು ಕೋಟುಗಳ ಕ್ಲಾಸೆಟ್ಟಿನಲ್ಲಿ ಇಟ್ಟವಳು ಎರಡು ವರ್ಷ ಮುಟ್ಟಲಿಲ್ಲ.

ಹೋದ ಜನವರಿಯ ಒಂದು ಬೆಳಿಗ್ಗೆ ಪ್ರಸಾದ್ ಸ್ನೋ ಬೂಟು ಹುಡುಕುತ್ತಾ ಆ ಕ್ಲಾಸೆಟ್ಟಿಗೆ ತಲೆ ಹಾಕಿದ. ಒಳಗಿಂದ ಟಪ್ ಅಂತ ಒಂದು ಸದ್ದು. ನಿನ್ನ ಅಳಿಯ ಇಲಿ ಅಂದುಕೊಂಡು ನಾಲ್ಕು ಹೆಜ್ಜೆ ಹಿಂದೆ ಹಾರಿದ. ಪೆಟ್ಟಿಗೆ ತೆಗೆದು ನೋಡಿದರೆ ಪಿಟೀಲಿನ ತಂತಿ ಹೊರುವ ಕುದುರೆ ಮಗುಚಿ ಬಿದ್ದಿದೆ, ತಂತಿಗಳು ಸಡಿಲವಾಗಿ ಜೋತುಬಿದ್ದಿವೆ, ಪಕ್ಕದಲ್ಲಿ ಅಂಟು ಬಿಟ್ಟು ಉಗುರು ತೂರುವಷ್ಟು ಬಿರುಕು. ಇಲ್ಲಿಯ ಚಳಿಗಾಲ ನೀನು ಕಂಡಿದ್ದೀಯಲ್ಲ, ಹೀಟಿಂಗ್ ಹಾಕಿ ಹಾಕಿ ಮನೆಯೊಳಗಿನ ಗಾಳಿ ಹಪ್ಪಳದ ಹಾಗೆ ಒಣಗಿರುತ್ತದೆ. ನಾನು ಅಲ್ಲೇ ಬೂಟುಗಳ ಮಧ್ಯೆ ಕೂತು ಅತ್ತೆ. ಪ್ರಸಾದ್ ಸಮಾಧಾನವನ್ನೇನೂ ಮಾಡಲಿಲ್ಲ. "ಮಾವನವರ ಪಿಟೀಲು ಅಂತ ಮುಟ್ಟದೇ ಇಟ್ರೆ ಇದೂ ಹೋಗತ್ತೆ ಕಣೇ. ಎದ್ದೇಳು, ರಿಪೇರಿಗೆ ಕೊಡು" ಅಂದ.

ರಿಪೇರಿ ಅಂಗಡಿ ಸಿಕ್ಕಿದ್ದು ಬಾಸ್ಕಿಂಗ್ ರಿಡ್ಜ್‌ನ ನನ್ನ ಆಫೀಸಿನಿಂದ ಇನ್ನೂ ಅರ್ಧ ಗಂಟೆ ಪಶ್ಚಿಮಕ್ಕೆ ಡ್ರೈವ್ ಮಾಡಿದರೆ ಬರುವ ಒಂದು ಸಣ್ಣ ಊರಿನಲ್ಲಿ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡ ಎಪ್ಪತ್ತೈದರ ಮುದುಕರು, ವಾಲ್ಟ್ ಅಂತ ಹೆಸರು. ಗೋಡೆಯ ತುಂಬಾ ಪಿಟೀಲುಗಳು ಚಪ್ಪರದ ಸೋರೆಕಾಯಿಯ ಹಾಗೆ ಸಾಲಾಗಿ ನೇತಾಡುತ್ತಿದ್ದವು. ಹತ್ತು ದಿನ ಬಿಟ್ಟು ತರಲು ಹೋದಾಗ ಅವರು ತಮ್ಮ ರೀತಿಯಲ್ಲಿ ಶ್ರುತಿ ಮಾಡಿ ಇಟ್ಟಿದ್ದರು. ನಾನು ಅಭ್ಯಾಸಬಲದಿಂದ ಬಿರಡೆ ತಿರುಗಿಸಿ ತಂತಿಗಳನ್ನು ಸ ಪ ಸ ಪ ಮಾಡಿಕೊಂಡು ಒಮ್ಮೆ ಮೀಟಿದೆ. ಮುದುಕರು ಕೆಲಸ ನಿಲ್ಲಿಸಿ ಕನ್ನಡಕ ಕೆಳಗಿಳಿಸಿದರು.

"ಇದು ಯಾರು ಹೇಳ್ಕೊಟ್ಟಿದ್ದು ನಿಂಗೆ?"

"ನಮ್ಮಪ್ಪ."

"ಯಾವ ಬೆಟ್ಟದವರು ಅವರು?"

ಏನು ಹೇಳಲಿ ಅಪ್ಪ? ನಮ್ಮದು ಮೈಸೂರು, ಬೆಟ್ಟ ಅಂತ ಇರೋದು ಒಂದೇ, ಅದರ ಮೇಲೆ ಚಾಮುಂಡೇಶ್ವರಿ ಇದ್ದಾಳೆ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಗೋಡೆಯಿಂದ ತಮ್ಮ ಪಿಟೀಲು ತೆಗೆದು ನನ್ನ ಕಣ್ಣೆದುರೇ ಬಿರಡೆ ತಿರುವಿದರು. ಮೀಟಿದರೆ ಸ ಪ ಸ ಪ! ಅವರ ಅಜ್ಜಿ ಅಪಲೇಚಿಯನ್ ಬೆಟ್ಟಗಳ ಕಡೆಯವರಂತೆ. ಅಲ್ಲಿ ಹಳೇ ಕಾಲದ ಪಿಟೀಲಿನವರು ಕೆಲವು ಹಾಡುಗಳಿಗೆ ಹೀಗೇ ಶ್ರುತಿ ಮಾಡುತ್ತಿದ್ದರಂತೆ. ಹೇಳುತ್ತಾ ಹೇಳುತ್ತಾ ಪಿಟೀಲನ್ನು ಎದೆಗೆ ಆನಿಸಿಕೊಂಡು ಶುರು ಮಾಡಿಯೇಬಿಟ್ಟರು.

ಆ ಮೊದಲ ಅರ್ಧ ನಿಮಿಷವನ್ನು ನಿನಗೆ ಹೇಗೆ ಕೇಳಿಸಲಿ? ಕಮಾನು ಒಂದೇ ತಂತಿಯ ಮೇಲೆ ಇರುವುದಿಲ್ಲ, ಎರಡರ ಮೇಲೆ ತೂಗಾಡುತ್ತದೆ. ಮೇಲಿನ ತಂತಿ ಹಾಡುತ್ತಿದ್ದರೆ ಪಕ್ಕದ್ದು ತಂಬೂರಿಯ ಹಾಗೆ ಗುಂಯ್‌ಗುಡುತ್ತಲೇ ಇರುತ್ತದೆ. ಗಮಕ ಗಿಮಕ ಇಲ್ಲ. ಸ್ವರವನ್ನು ಕೆಳಗಿನಿಂದ ಸ್ವಲ್ಪ ಜಾರಿಸಿ ಹಿಡಿಯುತ್ತಾರೆ, ಹಿಡಿದ ಮೇಲೆ ಅಲ್ಲಾಡಿಸುವುದಿಲ್ಲ. ಮುದುಕರ ಬೂಟು ಮರದ ನೆಲಕ್ಕೆ ದಬ್ ದಬ್ ಬಡಿಯುತ್ತಿತ್ತು. ನೋಡಿಕೊಂಡರೆ ನನ್ನ ಕೈ ನನ್ನನ್ನು ಕೇಳದೆಯೇ ತೊಡೆಯ ಮೇಲೆ ಆದಿತಾಳ ಹಾಕುತ್ತಿದೆ, ಮತ್ತು ಅದು ಸರಿಯಾಗಿ ಕೂರುತ್ತಿದೆ! ಎರಡು ವರ್ಷದಲ್ಲಿ ಮೊದಲ ಸಲ ಪಿಟೀಲಿನ ಸದ್ದು ಕೇಳಿ ನನಗೆ ನಗು ಬಂತು. "ಭಾನುವಾರ ಎರಡರಿಂದ ಐದು, ಹಿಂದಿನ ರೂಮಲ್ಲಿ ಎಲ್ಲಾ ಸೇರ್ತೀವಿ. ಬಾ" ಅಂದರು ವಾಲ್ಟ್.

ಮೊದಲ ಭಾನುವಾರ ನಾನು ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ಹೋದೆ, ಜಗಳಕ್ಕೆ ಹೋದವಳ ಹಾಗೆ. ವೇದಿಕೆ ಇಲ್ಲ, ಮೈಕಿಲ್ಲ, ಕೇಳುವವರೂ ಇಲ್ಲ. ಹನ್ನೊಂದು ಜನ ದುಂಡಗೆ ಕುರ್ಚಿ ಹಾಕಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿದ್ದರು. ವಾಲ್ಟ್ ಜೊತೆ ಇನ್ನೂ ಮೂವರು ಪಿಟೀಲಿನವರು. ಗಿಟಾರಿನವನು ಅಂಚೆಯವನು, ಆಳೆತ್ತರದ ಬಾಸ್ ಹಿಡಿದು ನಿಂತವರು ಹಲ್ಲಿನ ಡಾಕ್ಟರು. ಬ್ಯಾಂಜೋ ಹಿಡಿದ ಡೋರೀನ್ ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವರು. ನಾನು ನೆಲದ ಮೇಲೆ ಕೂರಬಹುದಾ ಅಂತ ಕೇಳಿದೆ. ಎಲ್ಲರೂ ಎದ್ದು ಕುರ್ಚಿ ಸರಿಸಿ, ನನಗೊಂದು ಹಳೇ ಕಾರ್ಪೆಟ್ ಹಾಸಿದರು. ಬಲಗಾಲು ಮುಂದೆ ಚಾಚಿ, ಪಿಟೀಲಿನ ತಲೆಯನ್ನು ಹರಡಿನ ಮೇಲಿಟ್ಟುಕೊಂಡು ಕೂತಾಗ ಡೋರೀನ್ ಕೆನ್ನೆಯ ಮೇಲೆ ಕೈಯಿಟ್ಟು ನೋಡಿದರು. "ಅಯ್ಯೋ, ಹೀಗೆ ಕೂತ್ರೆ ಪಿಟೀಲು ಬೀಳೋದೇ ಇಲ್ವಲ್ಲ! ನಮ್ಮ ಪಿಟೀಲಿನವ್ರು ಯಾಕೆ ಇಷ್ಟು ದಿನ ಕತ್ತು ನೋಯಿಸ್ಕೊಂಡ್ರು?"

ಆದರೆ ನುಡಿಸಲು ಶುರು ಮಾಡಿದಾಗ ನನ್ನ ಮಾನ ಹೋಯಿತು. ಅವರ ಹಾಡಿಗೆ ಎರಡು ಭಾಗ. ಒಂದೊಂದನ್ನೂ ಎರಡೆರಡು ಸಲ ನುಡಿಸಿ ಮತ್ತೆ ಮೊದಲಿಗೆ ಬರುತ್ತಾರೆ. ಹೀಗೆ ಹತ್ತು ಸಲ, ಹದಿನೈದು ಸಲ, ಎಲ್ಲರೂ ಒಟ್ಟಿಗೆ, ಭಜನೆಯ ಹಾಗೆ. ನಾನು ನೀನು ಕಲಿಸಿದ ಹಾಗೆ ವಾಲ್ಟ್ ಅವರ ಬೆರಳು ನೋಡುತ್ತಾ ಕೂದಲೆಳೆಯಷ್ಟು ಹಿಂದೆ ಹಿಂದೆ ಹೋದೆ. ನಮ್ಮ ಕಛೇರಿಯಲ್ಲಿ ಭೇಷ್ ಅನ್ನಿಸಿಕೊಳ್ಳುವ ಅದೇ ಕೆಲಸ ಅಲ್ಲಿ ಬಾವಿಯೊಳಗೆ ಕೂಗಿದ ಹಾಗೆ ಕೇಳಿಸಿತು. ಎಲ್ಲರ ಹಾಡೂ ಕದಡಿತು. ಮೂರನೆಯ ಹಾಡಿನ ನಂತರ ವಾಲ್ಟ್ ಬಹಳ ಮೆತ್ತಗೆ ಕೇಳಿದರು, "ಲಲಿತಾ, ಯಾರಿಗೋಸ್ಕರ ಕಾಯ್ತಿದೀಯ?"

"ಹಾಡು ಗೊತ್ತಿಲ್ವಲ್ಲ, ತಪ್ಪಾಗತ್ತೆ" ಅಂದೆ. "ಇಲ್ಲಿ ಯಾರೂ ಗೊತ್ತಿದ್ದು ಶುರು ಮಾಡ್ಲಿಲ್ಲ. ತಪ್ಪೋದಾದ್ರೆ ನಮ್ಮ ಜೊತೇಲೇ ತಪ್ಪು, ಆಮೇಲೆ ತಪ್ಪಬೇಡ" ಅಂದರು. ಅವತ್ತು ವಾಪಸು ಬರುವಾಗ ಆ ಪ್ರಶ್ನೆಯನ್ನೇ ಯೋಚಿಸುತ್ತಾ ಎರಡು ಎಕ್ಸಿಟ್ ಮುಂದೆ ಹೋಗಿಬಿಟ್ಟಿದ್ದೆ.

ಆಮೇಲೆ ನನಗೆ ಹುಚ್ಚು ಹಿಡಿಯಿತು ಅಪ್ಪ. ಚಿಕ್ಕವಳಿದ್ದಾಗ ವರ್ಣ ಪಾಠವಾಗುವವರೆಗೂ ಊಟಕ್ಕೆ ಏಳುತ್ತಿರಲಿಲ್ಲ ನೋಡು, ಆ ಥರದ ಹುಚ್ಚು. ಕಮ್ಯೂಟ್ ಮಾಡುವಾಗ ಕಾರಿನಲ್ಲಿ ಅದೇ, ಬೇಳೆ ಬೇಯಿಸುವಾಗ ಅದೇ. "ಬೆಳಿಗ್ಗೆ ಎದ್ರೆ ಸುಪ್ರಭಾತ ಕೇಳ್ತಿದ್ದ ಮನೇಲಿ ಈಗ ಬ್ಯಾಂಜೋ. ಆ ವೆಂಕಟೇಶ್ವರ ಗಾಬರಿಯಾಗಿ ಎದ್ದಿರ್ತಾನೆ" ಅಂತ ಪ್ರಸಾದ್ ರೇಗಿಸಿದ. ಭಾನುವಾರ ಟೀ ಆದ ಮೇಲೆ ವಾಲ್ಟ್ ಅಂಗಡಿಯಲ್ಲಿ ಬ್ಲೂಗ್ರಾಸ್ ಅನ್ನುವ ಇನ್ನೊಂದು ಬಗೆಯ ಹಾಡು ಶುರುವಾಗುತ್ತದೆ. ಅದು ಓಟ. ಒಬ್ಬರು ಹಾಡುತ್ತಾರೆ, ನಡುವೆ ಬ್ಯಾಂಜೋ, ಮ್ಯಾಂಡೊಲಿನ್, ಪಿಟೀಲು ಸರದಿಯ ಮೇಲೆ ಮುಂದೆ ಬಂದು ತಮ್ಮ ಕೈಚಳಕ ತೋರಿಸಿ ಹಿಂದೆ ಸರಿಯುತ್ತವೆ. ಪಲ್ಲವಿ ಬಂತೆಂದರೆ ಮೂವರು ಮೂರು ಎತ್ತರದಲ್ಲಿ ಗಂಟಲು ಬಿಟ್ಟು ಕೂಗುತ್ತಾರೆ, ಬೆನ್ನುಹುರಿ ಜುಂ ಅನ್ನುತ್ತದೆ.

ಆ ಹಾಡುಗಳ ಮಾತು ಕೇಳಿದರೆ ನೀನು ಬೆರಗಾಗುತ್ತಿದ್ದೆ. ತಾಯಿ ಸತ್ತಳು, ರೈಲು ಮಗುಚಿತು, ಹುಡುಗಿ ಹೊಳೆಯ ಪಾಲಾದಳು, ಬೆಟ್ಟದ ಮೇಲಿನ ಮನೆಗೆ ಇನ್ನು ಹೋಗಲಾರೆ. ಇಷ್ಟೆಲ್ಲಾ ಗೋಳನ್ನು ಕುಣಿಯುವ ಧಾಟಿಯಲ್ಲಿ ಹಾಡಿ, ಮುಗಿದ ಮೇಲೆ ಹೋ ಅಂತ ನಗುತ್ತಾರೆ. ಮೊದಮೊದಲು ಇದೇನು ಜನವಪ್ಪ ಅನ್ನಿಸಿತು. ಆಮೇಲೆ ಒಂದು ದಿನ ಹಾಡಿನ ತಾಯಿ ಮಣ್ಣಾಗುತ್ತಿರುವಾಗ ನನ್ನ ಕಣ್ಣಲ್ಲಿ ನೀರು ಸುರಿಯುತ್ತಿದೆ, ಕಮಾನು ಮಾತ್ರ ಓಡುತ್ತಲೇ ಇದೆ. ನೀನು ಹೋದ ಮೇಲೆ ನಾನು ಅತ್ತದ್ದೆಲ್ಲ ವಿಳಂಬದಲ್ಲಿ. ದ್ರುತದಲ್ಲೂ ಅಳಬಹುದು ಅಂತ ಯಾರಾದರೂ ಮೊದಲೇ ಹೇಳಬಾರದಿತ್ತೇ? ಎಷ್ಟು ಹಗುರವಾಯಿತು ಗೊತ್ತಾ…

ಒಂದು ವಿಷಯಕ್ಕೆ ಮಾತ್ರ ಹೊಂದಿಕೊಳ್ಳಲು ಕಷ್ಟವಾಯಿತು. ವಾಲ್ಟ್ ಹಾಡಿನ ಮಧ್ಯೆ ಇದ್ದಕ್ಕಿದ್ದ ಹಾಗೆ ಬೂಟುಗಾಲನ್ನು ಮೇಲೆತ್ತಿ ಎಲ್ಲರ ಕಡೆಗೂ ಚಾಚಿದರು. ವಾದ್ಯಗಳ ಎದುರಿಗೆ! ನಾನು ದಂಗಾಗಿ ಹೋದೆ. ಅದು ಅಲ್ಲಿಯ ಪದ್ಧತಿಯಂತೆ. ಹಾಡು ಸುತ್ತಿ ಸುತ್ತಿ ಬರುವುದರಿಂದ ಎಲ್ಲಿ ನಿಲ್ಲಿಸಬೇಕೆಂದು ಯಾರಾದರೂ ಹೇಳಬೇಕಲ್ಲ. ಕೈಯೆರಡೂ ವಾದ್ಯದ ಮೇಲೆ, ಬಾಯಿ ಬಿಟ್ಟರೆ ಕೇಳಿಸದು. ಹಾಗಾಗಿ ಕಾಲೆತ್ತಿದರೆ ಇದೇ ಕೊನೆಯ ಸುತ್ತು ಅಂತ. ಯಾರು ಶುರು ಮಾಡುತ್ತಾರೋ ಅವರೇ ಕಾಲೆತ್ತಬೇಕು. ಪಕ್ಕದಲ್ಲಿ ಪುಸ್ತಕಕ್ಕೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳುವವಳು ನಾನು.

ಇನ್ನೊಂದು ಪದ್ಧತಿ ಅದಕ್ಕಿಂತ ಕಷ್ಟದ್ದು. ಹಾಡು ಆರಿಸುವ ಸರದಿ ದುಂಡಗೆ ಒಬ್ಬೊಬ್ಬರಿಗೂ ಬರುತ್ತದೆ. ನಿನ್ನ ಸರದಿ ಬಂದರೆ ನೀನೇ ಒಂದು ಹಾಡು ಹೇಳಬೇಕು, ನೀನೊಬ್ಬನೇ ಮೊದಲ ಸಾಲು ಎತ್ತಿಕೊಳ್ಳಬೇಕು. ನನ್ನ ಹತ್ತಿರ ಬಂದಾಗಲೆಲ್ಲ "ಪಾಸ್" ಅನ್ನುತ್ತಿದ್ದೆ. ಒಂದು ವಾರ, ಎರಡು ವಾರ, ಎಂಟು ವಾರ. ಅಷ್ಟು ಹೊತ್ತಿಗೆ ಅವರ ಹಾಡುಗಳು ಇಪ್ಪತ್ತಾದರೂ ಬರುತ್ತಿದ್ದವು, ಜೊತೆಯಲ್ಲಿ ಬೀಸಿ ನುಡಿಸುತ್ತಿದ್ದೆ. ಮೊದಲು ಎತ್ತಿಕೋ ಅಂದರೆ ಮಾತ್ರ ಕೈ ಮರದ ಕೊರಡು. ಆ ಸೋಫಾದ ಮೂಲೆ ಕಣ್ಣಿಗೆ ಬರುತ್ತಿತ್ತು. ನಿನಗೇ ನುಡಿಸದವಳು ಇವರಿಗೆ ಹೇಗೆ…

ಎಂಟನೆಯ ಸಲ ಪಾಸ್ ಅಂದಾಗ ಡೋರೀನ್ ಬ್ಯಾಂಜೋ ಕೆಳಗಿಟ್ಟರು. "ನೋಡು, ಮೂವತ್ತು ವರ್ಷ ಸ್ಕೂಲ್ ಬಸ್ ಓಡ್ಸಿದೀನಿ. ಹತ್ತಲ್ಲ ಅಂತ ರಸ್ತೇಲಿ ನಿಂತ ಮಗೂನ ಬಿಟ್ಟು ಹೋದವಳಲ್ಲ ನಾನು. ಮುಂದಿನ ವಾರ ನಿನ್ನ ಸರದಿ ಬಂದ್ರೆ ನಾವೆಲ್ಲಾ ಸುಮ್ನೆ ಕೂತಿರ್ತೀವಿ. ನೀನು ಶುರು ಮಾಡೋವರೆಗೂ." ಉಳಿದ ಹತ್ತು ಜನ ತಲೆಯಾಡಿಸಿದರು. ಹಲ್ಲಿನ ಡಾಕ್ಟರಂತೂ ತಮಗೆ ಸಂಜೆ ಏನೂ ಕೆಲಸವಿಲ್ಲ ಅಂದರು.

ಆ ವಾರ ಪೂರ್ತಿ ಒಂದೇ ಯೋಚನೆ. ಏನು ನುಡಿಸಲಿ? ಒಂದು ಕೃತಿ ನುಡಿಸಿದರೆ ಅವರು ಮರ್ಯಾದೆಯಿಂದ ಕೇಳಿ ಚಪ್ಪಾಳೆ ತಟ್ಟುತ್ತಾರೆ, ಸೇರಿಕೊಳ್ಳಲಾರರು. ಅವರ ಹಾಡನ್ನೇ ಎತ್ತಿಕೊಂಡರೆ ಅದು ಮತ್ತೆ ಅವರ ಹಿಂದೆ ಹೋದ ಹಾಗೆಯೇ. ಶುಕ್ರವಾರ ಸಂಜೆ ಪಾತ್ರೆ ತೊಳೆಯುತ್ತಾ ಪ್ರಸಾದ್ ಕೇಳಿದ, "ಮಾವನವರು ಯಾವತ್ತೂ ಒಬ್ರೇ ನುಡಿಸ್ಲೇ ಇಲ್ವಾ?"

ಒಂದು ಸಲ ನೀನು ನುಡಿಸಿದ್ದೆ. ಚನ್ನಪಟ್ಟಣದ ಆ ಮದುವೆ, ನೆನಪಿದೆಯಾ? ನನಗೆ ಒಂಬತ್ತು ವರ್ಷ. ಹಾಡುವವರು ಬಸ್ಸು ತಪ್ಪುತ್ತದೆ ಅಂತ ಮಂಗಳ ಹಾಡಿ ಎದ್ದರು, ಮೃದಂಗದವರು ಮೊದಲ ಪಂಕ್ತಿಗೆ ಎಲೆ ಹಿಡಿಯಲು ಓಡಿದರು. ನೀನು ಪಿಟೀಲಿಗೆ ಬಟ್ಟೆ ಹೊದಿಸುತ್ತಿದ್ದೆ. ಹೆಣ್ಣಿನ ತಾತ ಮುಂದಿನ ಕುರ್ಚಿಯಿಂದ, "ರೀ ಪಿಟೀಲಿನೋರೇ, ಒಂದು ಇಂಗ್ಲಿಷ್ ನೋಟು ಹಾಕ್ರೀ" ಅಂದರು. ನೀನು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಯಾರೂ ಇಲ್ಲ, ನಾನೊಬ್ಬಳು. ಬಟ್ಟೆ ತೆಗೆದು ಎತ್ತಿಕೊಂಡೆ ನೋಡು! ಶಂಕರಾಭರಣದ ಸ್ವರಗಳು ಬ್ಯಾಂಡಿನವರ ಹಾಗೆ ಟಕಟಕ ಹೆಜ್ಜೆ ಹಾಕಿದವು. ಕುಂಪಣಿ ಕಾಲದಲ್ಲಿ ಬಿಳಿಯರ ಬ್ಯಾಂಡು ಕೇಳಿ ನಮ್ಮವರು ಕಲಿತ ಧಾಟಿ ಇದು ಅಂತ ವಾಪಸು ಬರುವಾಗ ಬಸ್ಸಿನಲ್ಲಿ ನೀನು ಹೇಳಿದೆ. ನಿನ್ನ ಮುಖದಲ್ಲಿ ಅಂಥ ತುಂಟ ನಗೆಯನ್ನು ನಾನು ಆಮೇಲೆ ಎಂದೂ ಕಾಣಲಿಲ್ಲ. ಐದೇ ನಿಮಿಷ. ಸೋಫಾದಲ್ಲಿ ನೀನು ಕೇಳಿದಾಗ ಇದು ಯಾಕೆ ಹೊಳೆಯಲಿಲ್ಲ ನನಗೆ?

ಆ ಭಾನುವಾರ ಪ್ರಸಾದನೂ ಬಂದ, ಐಸ್‌ಲಿನ್‌ನ ನಮ್ಮವರ ಅಂಗಡಿಯಿಂದ ಒಂದು ದೊಡ್ಡ ಡಬ್ಬಿ ಚಕ್ಕುಲಿ ತಂದು. ಸರದಿ ನನಗೆ ಬಂತು. ಹನ್ನೊಂದು ಜನ ಮಾತಾಡಿಕೊಂಡಿದ್ದ ಹಾಗೆ ಕೈ ಮಡಿಲಲ್ಲಿಟ್ಟು ಕೂತರು. ಗೋಡೆ ಗಡಿಯಾರದ ಸದ್ದು ಬಿಟ್ಟರೆ ಏನಿಲ್ಲ. ಪಿಟೀಲಿಗೆ ನಮಸ್ಕಾರ ಮಾಡಿ, ಕಣ್ಣು ಮುಚ್ಚಿ, ನಿನ್ನ ಆ ಇಂಗ್ಲಿಷ್ ನೋಟನ್ನು ಎತ್ತಿಕೊಂಡೆ.

ಮೊದಲ ಭಾಗ ಒಬ್ಬಳೇ. ಕಮಾನು ಒಮ್ಮೆ ಜಾರಿತು, ಬಿಡಲಿಲ್ಲ. ಎರಡನೆಯ ಸುತ್ತಿಗೆ ಗಿಟಾರಿನವನು ಎಲ್ಲಿ ಕೈ ಹಾಕಬೇಕೆಂದು ಕಂಡುಕೊಂಡ. ಬಾಸ್ ಒಳಗೆ ಬಂತು. ವಾಲ್ಟ್ ಅಂತೂ ಹಳೇ ನೆಂಟರನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡವರ ಹಾಗೆ ಹುಬ್ಬೇರಿಸಿ, ಪಿಟೀಲೆತ್ತಿ ಸೇರಿಕೊಂಡರು. ಅರ್ಧ ಅವರಿಗೆ ಮೊದಲೇ ಬರುತ್ತಿತ್ತು! ಈ ಧಾಟಿಯ ಅಣ್ಣನೋ ತಮ್ಮನೋ ಒಬ್ಬ ಅವರ ಬೆಟ್ಟದಲ್ಲೂ ಇದ್ದಾನಂತೆ. ಒಬ್ಬ ಹಡಗು ಹತ್ತಿ ಈ ಕಡೆಗೆ ಬಂದ, ಇನ್ನೊಬ್ಬ ಮದ್ರಾಸಿಗೆ ಹೋದ ಅಂತ ಆಮೇಲೆ ನಾವೇ ಒಂದು ಕಥೆ ಕಟ್ಟಿಕೊಂಡೆವು.

ಡೋರೀನ್‌ಗೆ ಮಾತ್ರ ಎರಡನೆಯ ಭಾಗ ಬೆರಳಿಗೆ ಹತ್ತಲಿಲ್ಲ. ನನ್ನ ಕಮಾನು ನೋಡುತ್ತಾ, ಒಂದು ಚೂರು ಹಿಂದೆ, ನಾನು ಹೋದ ಕಡೆಗೆಲ್ಲ ಬಂದರು. ಅಪ್ಪ, ಆಗ ನನಗೆ ತಿಳಿಯಿತು. ನಾನು ಅದುವರೆಗೆ ಯಾವತ್ತೂ ಮುಂದಿದ್ದವಳಲ್ಲ, ಹಾಗಾಗಿ ಗೊತ್ತೇ ಇರಲಿಲ್ಲ. ಹಿಂದಿನಿಂದ ಒಬ್ಬರು ಬಿಡದೆ ಬರುತ್ತಿದ್ದಾರೆ ಅಂದರೆ ಮುಂದಿರುವವರಿಗೆ ಎಷ್ಟು ಧೈರ್ಯ! ಸೈಕಲ್ಲು ಕಲಿಸುವಾಗ ಸೀಟು ಹಿಡಿದು ಓಡಿ ಬರುತ್ತಿದ್ದೆಯಲ್ಲ, ಅದೇ. ನಲವತ್ತು ವರ್ಷ ಎಷ್ಟೊಂದು ಜನರಿಗೆ ಇದನ್ನು ಕೊಟ್ಟೆ ನೀನು? ಅವರಲ್ಲಿ ಒಬ್ಬರಾದರೂ ನಿನಗೆ ಹೇಳಿದರಾ? ನಾನು ಹೇಳುತ್ತಿದ್ದೇನೆ, ಕೇಳಿಸಿಕೋ.

ಈಗ ನಗುವ ಭಾಗ. ಆರು ಸುತ್ತಾಯಿತು, ಎಂಟಾಯಿತು. ನಿಲ್ಲಿಸಬೇಕಾದವಳು ನಾನೇ, ಕಾಲೆತ್ತಬೇಕು. ವಾಲ್ಟ್ ಕಡೆಗೆ ಕಾಲು ತೋರಿಸುವುದು ಹೇಗೆ? ಸಂಕೋಚ ಅರ್ಧ. ಉಳಿದರ್ಧ, ನಿಲ್ಲಿಸಲು ಮನಸ್ಸೇ ಇರಲಿಲ್ಲ. ಹತ್ತಾಯಿತು. ಧೈರ್ಯ ಮಾಡಿ ಎಡಗಾಲನ್ನು ಅಲ್ಲಾಡಿಸಿದೆ. ನಾನು ನೆಲದ ಮೇಲೆ, ಅವರು ಕುರ್ಚಿಯ ಮೇಲೆ, ಮಧ್ಯೆ ಡೋರೀನ್ ಅವರ ಮೊಣಕಾಲು. ಯಾರಿಗೂ ಕಾಣಲಿಲ್ಲ. ಎಲ್ಲರೂ ಖುಷಿಯಾಗಿ ಹನ್ನೊಂದನೆಯ ಸುತ್ತಿಗೆ ಹೊರಟೇಬಿಟ್ಟರು. ಹದಿಮೂರು. ಅಂಚೆಯವನು ಬೆವರುತ್ತಿದ್ದ. ಗೋಡೆಗೆ ಒರಗಿ ಕೂತಿದ್ದ ಪ್ರಸಾದ್ ಬಾಯಿ ತುಂಬಾ ಚಕ್ಕುಲಿ ಇಟ್ಟುಕೊಂಡೇ ಕಿರುಚಿದ, "ಕಾಲು! ಕಾಲೆತ್ತೇ! ಇನ್ನೂ ಮೇಲೆ!" ಉಳಿದದ್ದು ಬಲಗಾಲೊಂದೇ, ಅದರ ಮೇಲೆ ನಿನ್ನ ಪಿಟೀಲು. ಕ್ಷಮಿಸಿಬಿಡಮ್ಮಾ ಸರಸ್ವತಿ ಅಂತ ಪಿಟೀಲಿನ ಸಮೇತ ಕಾಲನ್ನು ಎತ್ತಿಯೇಬಿಟ್ಟೆ. ಕಮಾನೂ ಮೇಲೆ, ನಾನೂ ಹಿಂದಕ್ಕೆ ವಾಲಿ, ದೇವರೇ! ಎಲ್ಲರೂ ನಗುತ್ತಾ ನಗುತ್ತಾ ಕೊನೆಯ ಸುತ್ತು ಮುಗಿಸಿದರು. ಡೋರೀನ್ ಕಣ್ಣೊರೆಸಿಕೊಂಡು ನನ್ನನ್ನು ತಬ್ಬಿಕೊಂಡರು.

ನಗು ನಿಂತ ಮೇಲೆ ವಾಲ್ಟ್ ಅಂಗಡಿಯ ನೋಟ್‌ಪುಸ್ತಕ ತೆಗೆದರು. "ಯಾರಿಂದ ಬಂತು ಇದು?" ಅಲ್ಲಿ ಹೊಸ ಹಾಡು ಯಾರು ತಂದರೂ ಹಾಗೇ ಕೇಳುತ್ತಾರೆ. ಹಾಡಿನ ಹೆಸರಿಗಿಂತ ಅದು ಯಾರಿಂದ ಬಂತು ಅನ್ನುವುದು ಅವರಿಗೆ ಮುಖ್ಯ. ಮರೆತರೆ ಕಳ್ಳತನ ಅನ್ನುತ್ತಾರೆ. ನಾನು ನಿನ್ನ ಹೆಸರು ಹೇಳಿದೆ. ಸಭೆಯವರ ಕರಪತ್ರದಲ್ಲಿ ನಿನ್ನ ಹೆಸರು ಕೊನೆಯ ಸಾಲಿನಲ್ಲಿ ಇರುವೆಯಷ್ಟಿರುತ್ತಿತ್ತು. ಒಂದು ಸಲವಂತೂ 'ಪಿಟೀಲು: ಸ್ಥಳೀಯ ಕಲಾವಿದರು' ಅಂತ ಹಾಕಿದ್ದರು, ನೀನು ಅದನ್ನೇ ತೋರಿಸಿಕೊಂಡು ನಕ್ಕಿದ್ದೆ. ನಾನು ನಗಲಿಲ್ಲ ಅವತ್ತು. ವಾಲ್ಟ್ ಒಂದೊಂದೇ ಅಕ್ಷರ ಕೇಳಿಕೊಂಡು ದಪ್ಪಗೆ ಬರೆದರು. ನಂಜುಂಡಯ್ಯ ಅನ್ನಲು ಅವರಿಗೆ ನಾಲಿಗೆ ಹೊರಳದು. ಹಾಡಿಗೆ 'ನಂಜೂಂಡಾ' ಅಂತ ಹೆಸರು ಬಿತ್ತು. "ನಂಜೂಂಡಾ ಶುರು ಮಾಡೋಣ್ವಾ?" ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ಮೈಯೆಲ್ಲ ಪುಳಕ.

ಕಳೆದ ಭಾನುವಾರದ ಸುದ್ದಿ ಹೇಳಿ ಮುಗಿಸುತ್ತೇನೆ, ಅದಕ್ಕೇ ಈ ಕಾಗದ ಬರೆಯಲು ಕೂತದ್ದು. ಬಾಸ್ಕಿಂಗ್ ರಿಡ್ಜ್‌ನಲ್ಲಿ ಒಂದು ಸೀಮಂತವಿತ್ತು. ಆರತಿ, ಊಟ, ಆಂಟಿಯರ ಮಾತು ಎಲ್ಲ ಮುಗಿಸಿ ರೇಷ್ಮೆ ಸೀರೆಯಲ್ಲೇ ಡ್ರೈವ್ ಮಾಡಿಕೊಂಡು ಹೋಗುವ ಹೊತ್ತಿಗೆ ನಾಲ್ಕು ದಾಟಿತ್ತು. ಅಂಗಡಿಯ ಹಿಂದೆ ಕಾರು ನಿಲ್ಲಿಸಿ ಬಾಗಿಲು ತೆಗೆದೆ. ಕೋಣೆಯ ಕಿಟಕಿ ತೆರೆದಿತ್ತು. ಅಪ್ಪ, ಒಳಗೆ ನಿನ್ನ ನೋಟು ನಡೆಯುತ್ತಿತ್ತು. ನಾನಿಲ್ಲದೆ.

ಸ್ವಲ್ಪ ಓಡಿಸುತ್ತಿದ್ದರು. ಎರಡನೆಯ ಭಾಗದ ಗಾಂಧಾರವನ್ನು ನೆಟ್ಟಗೆ ಹಿಡಿಯದೆ ತಮ್ಮ ಬೆಟ್ಟದವರ ಹಾಗೆ ಕೆಳಗಿನಿಂದ ಜಾರಿಸುತ್ತಿದ್ದರು. ನೀನಾಗಿದ್ದರೆ ಕಮಾನಿನಿಂದ ಗೆಣ್ಣಿಗೆ ಕೊಡುತ್ತಿದ್ದೆ. ನಾನು ತಿದ್ದುವುದಿಲ್ಲ ಅಂತ ಮಾತು ಕೊಡುತ್ತೇನೆ, ಬಯ್ಯಬೇಡ. ಆ ಜಾರು ಚೆನ್ನಾಗಿದೆ ಅಪ್ಪ, ನಿಜವಾಗಿಯೂ ಚೆನ್ನಾಗಿದೆ. ಕಾರಿಗೆ ಒರಗಿ ನಿಂತು ಕೇಳಿದೆ. ಒಳಗೆ ಯಾರೋ ಕಾಲೆತ್ತಿರಬೇಕು, ಹಾಡು ನಿಂತಿತು. ಸರಿ, ಒಳಗೆ ಹೋಗೋಣ ಅಂತ ಸೆರಗು ಸರಿಮಾಡಿಕೊಂಡೆ. ಅಷ್ಟರಲ್ಲಿ ಒಂದು ಪಿಟೀಲು ಒಂಟಿಯಾಗಿ ಮತ್ತೆ ಮೊದಲ ಸಾಲನ್ನು ಎತ್ತಿಕೊಂಡಿತು. ಯಾರಿಗೋ ಸಾಲದೆ ಹೋಗಿತ್ತು. ಮುಗಿಯುವವರೆಗೂ ಕಾರಿನ ಹತ್ತಿರವೇ ನಿಂತೆ, ಆಮೇಲೂ ಕೇಳಲಿಲ್ಲ. ಯಾರು ಶುರು ಮಾಡಿದ್ದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಿನ್ನ
ಲಲಿತಾ